ತಾತನ ಟ್ರಂಕು, ಪಿಟ್ಸ್‌ಬರ್ಗ್‌ನ 30 ಲಕ್ಷ ರೆಕಾರ್ಡು

(1/5)
ಫೋಟೋದಲ್ಲಿರೋ ಟ್ರಂಕು ನಮ್ಮ ತಾತಂದು. ಒಳಗೆ 140 ಗ್ರಾಮಫೋನ್ ಪ್ಲೇಟು. ಎಲ್ಲಾ 78 ಆರ್‌ಪಿಎಂ, ಅರಗಿನಿಂದ ಮಾಡಿದ್ದು. ಕೈಜಾರಿದ್ರೆ ಹಂಚಿನ ಥರ ಒಡೆಯುತ್ತೆ. ಒಂದು ಮಗ್ಗುಲಿಗೆ ಹೆಚ್ಚುಕಮ್ಮಿ ಮೂರು ನಿಮಿಷದ ಹಾಡು, ಅಷ್ಟೇ.

ಹೋದ ತಿಂಗಳು ಊಟಕ್ಕೆ ಕೂತಾಗ ತಾತ ಕೇಳಿದ್ರು: "ನಾನು ಹೋದ್ಮೇಲೆ ಇವನ್ನೆಲ್ಲ ಏನ್ಮಾಡ್ತೀರಪ್ಪಾ?" ಯಾರೂ ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಮೊಬೈಲ್ ನೋಡ್ತಾ ಕೂತ್ರು. ನನಗೂ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಹುಡುಕ್ತಾ ಹುಡುಕ್ತಾ ಅಮೆರಿಕದ ಒಬ್ಬ ತಾತನ ಕಥೆ ಸಿಕ್ತು. ಈ ವಾರದ ಇತಿಹಾಸ ಅದೇ.

(2/5)
ಪಾಲ್ ಮಾವಿನ್ನಿ. ಊರು ಪಿಟ್ಸ್‌ಬರ್ಗ್. 1951ರಲ್ಲಿ, ಇನ್ನೂ ಹುಡುಗ, ಫ್ರ್ಯಾಂಕಿ ಲೇನ್ ಹಾಡಿದ 'ಜೆಝಬೆಲ್' ರೆಕಾರ್ಡ್ ಕೊಂಡುಕೊಂಡರು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಮನೆಯ ನೆಲಮಾಳಿಗೆ ತುಂಬಿಹೋಗಿ 1968ರಲ್ಲಿ ರೆಕಾರ್ಡ್-ರಾಮಾ ಅಂತ ಅಂಗಡಿಯನ್ನೇ ತೆರೆದರು. ಅಂಗಡಿಗೆ ಬಂದ ಪ್ರತಿ ರೆಕಾರ್ಡಿನ ಒಂದು ಪ್ರತಿ ಮಾರಾಟಕ್ಕಿಲ್ಲ, ಅದು ಸಂಗ್ರಹಕ್ಕೆ. ಇದೇ ಅವರ ನಿಯಮ. ನಲವತ್ತು ವರ್ಷದಲ್ಲಿ ಅದು ಸುಮಾರು 30 ಲಕ್ಷ ಆಯ್ತು ಅಂತ ಅವರ ಲೆಕ್ಕ. ಸುಮ್ಮನೆ ಪೇರಿಸಿಡಲೂ ಇಲ್ಲ. ಯಾವ ಹಾಡು ಯಾರದು ಅಂತ ಪಟ್ಟಿ ಮಾಡಿ 'ಮ್ಯೂಸಿಕ್‌ಮಾಸ್ಟರ್' ಅನ್ನೋ ದಪ್ಪ ಪುಸ್ತಕ ತಂದರು.

(3/5)
ವಯಸ್ಸಾಯ್ತು. ಸಕ್ಕರೆ ಕಾಯಿಲೆ, ಕಣ್ಣು ಮಂಜು. ಇನ್ನು ಮಾರಬೇಕು. ಆದರೆ ಅವರದ್ದು ಒಂದೇ ಹಟ: ಬಿಡಿಬಿಡಿಯಾಗಿ ಮಾರಲ್ಲ, ತಗೊಂಡ್ರೆ ಪೂರ್ತಿ ತಗೊಳ್ಳಿ.

ಕಷ್ಟ ಇದ್ದದ್ದೇ ಅಲ್ಲಿ. ವ್ಯಾಪಾರಿಗಳಿಗೆ ಬೇಕಾಗೋದು ಅಪರೂಪದ ನೂರಿನ್ನೂರು. ಉಳಿದ ಲಕ್ಷಗಟ್ಟಲೆ ಮಾಮೂಲಿ ರೆಕಾರ್ಡು ಅಂದ್ರೆ ಅವರಿಗೆ ಬರೀ ಭಾರ, ಗೋಡೌನ್ ಬಾಡಿಗೆ. 1990ರ ದಶಕದಲ್ಲಿ ಒಂದು ಕಂಪನಿ ಜೊತೆ 2.85 ಕೋಟಿ ಡಾಲರ್ ಮಾತುಕತೆ ಆಗಿ ಮುರಿದುಬಿತ್ತು. 2008ರಲ್ಲಿ ಇಬೇನಲ್ಲಿ ಹರಾಜಿಗಿಟ್ಟರು. 30 ಲಕ್ಷ ಡಾಲರ್ ದಾಟಿ ಬಿಡ್ ಬಂತು! ಆಮೇಲೆ ನೋಡಿದ್ರೆ ಐರ್ಲೆಂಡಿನ ಆ ಮನುಷ್ಯ 'ನನ್ನ ಅಕೌಂಟ್ ಯಾರೋ ಹ್ಯಾಕ್ ಮಾಡಿದ್ದಾರೆ' ಅಂದ. ಓದುವಾಗ ನಗು ಬರುತ್ತೆ, ಅವರ ಜಾಗದಲ್ಲಿ ನಿಂತು ನೋಡಿ, ಬರಲ್ಲ.

ಅವರ ಹಟ ತಪ್ಪು ಅಂತ ನನಗೆ ಅನ್ನಿಸಲ್ಲ. ಒಡೆದು ಮಾರಿದ್ರೆ ದುಡ್ಡು ಬೇಗ ಬರ್ತಿತ್ತೇನೋ. ಆದರೆ ಯಾರೂ ಕೇಳದ ಗಾಯಕರ, ಸಿಡಿಗೂ ಬಾರದ ಹಾಡುಗಳು ನೇರ ಕಸಕ್ಕೆ ಹೋಗ್ತಿದ್ವು.

(4/5)
ಕೊನೆಗೆ 2013ರಲ್ಲಿ ಪೂರ್ತಿ ಕೊಂಡದ್ದು ಬ್ರೆಜಿಲ್‌ನ ಝೀರೋ ಫ್ರೈಟಾಸ್. ಸಾವೊ ಪೌಲೋದಲ್ಲಿ ಬಸ್ ಓಡಿಸೋ ಉದ್ಯಮಿ, ರೆಕಾರ್ಡ್ ಹುಚ್ಚು. ಎಂಟು ದೊಡ್ಡ ಟ್ರೈಲರ್ ಲಾರಿ ತುಂಬಾ ಪಿಟ್ಸ್‌ಬರ್ಗ್‌ನಿಂದ ಹೊರಟವು. ಅವರ ಗೋಡೌನ್‌ನಲ್ಲಿ ಕಾಲೇಜು ಹುಡುಗರು ಇಂಟರ್ನ್‌ಗಳಾಗಿ ಕೂತು ಒಂದೊಂದೇ ರೆಕಾರ್ಡ್ ದಾಖಲಿಸ್ತಿದ್ರು. (ಹೌದು, ಅಂಥ ಇಂಟರ್ನ್‌ಶಿಪ್ಪೂ ಇರುತ್ತೆ. ನಮಗ್ಯಾಕೆ ಸಿಗಲ್ಲ?)

(5/5)
ನಮ್ಮ ಟ್ರಂಕಿಗೆ ಫ್ರೈಟಾಸ್ ಬರಲ್ಲ. ಮುಂಬೈಯಲ್ಲಿ 1990ರಿಂದ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಅಂತ ಸಂಗ್ರಾಹಕರ ಸಂಘ ಇದೆ. ಅವರಿಗೆ ಬರೆಯೋಣ ಅಂದೆ. ತಾತ ಅಂದ್ರು, "ಬರೆಯೋಕ್ಮುಂಚೆ ಒಳಗೇನಿದೆ ಅಂತ ಗೊತ್ತಿರಬೇಕಲ್ಲಪ್ಪಾ."

ಸರಿ, 200 ಪುಟದ ನೋಟ್‌ಬುಕ್ ತಂದೆ. ದಿನಾ ಸಂಜೆ ಹತ್ತು ಪ್ಲೇಟು. ಲೇಬಲ್ ಮೇಲಿರೋ ಹೆಸರು, ನಂಬರ್ ನಾನು ಬರ್ಕೋತೀನಿ. ಲೇಬಲ್ ಮೇಲಿಲ್ಲದ್ದನ್ನ ತಾತ ಹೇಳ್ತಾರೆ: ಇದು ಮೊದಲ ಸಂಬಳದ್ದು, ಇದು ಅಜ್ಜಿಗೆ ಅಂತ ತಂದು ಬೈಸಿಕೊಂಡಿದ್ದು. 61ನೇ ನಂಬರಿನ ಪ್ಲೇಟು ಸೀಳಿದೆ, ಸೂಜಿ ಎಗರುತ್ತೆ. ಇದನ್ನ ಪಟ್ಟಿಗೆ ಸೇರಿಸಲಾ ಅಂದೆ. "ಸೇರಿಸು, ಆದ್ರೆ ಕೊಡ್ಬೇಡ" ಅಂದ್ರು. ಯಾಕೆ ಅಂತ ಇನ್ನೂ ಹೇಳಿಲ್ಲ.

ನಿನ್ನೆಗೆ 90 ಮುಗೀತು. ನಿಮ್ಮನೆ ಅಟ್ಟದ ಮೇಲೂ ಪ್ಲೇಟು ಇದ್ರೆ ಲೇಬಲ್ ಫೋಟೋ ತೆಗೆದು ಟ್ಯಾಗ್ ಮಾಡಿ, ತಾತಂಗೆ ತೋರಿಸ್ತೀನಿ.

#ಗ್ರಾಮಫೋನ್ #ಇತಿಹಾಸ #ತಾತನಟ್ರಂಕು