ಅಟ್ಟದ ಮೇಲಿನ ಪ್ರತಿಗಳು

ಹೊಸಕೋಟೆಯಿಂದ ಚಿಂತಾಮಣಿಯ ಕಡೆಗೆ ಹೋಗುವ ದಾರಿಯಲ್ಲಿ ನಂದಗುಡಿ ಸಿಕ್ಕುತ್ತದೆ. ಹೋಬಳಿಯ ಮುಖ್ಯ ಊರು. ನವನಂದರ ಹೆಸರನ್ನು ಈ ಊರಿಗೆ ಗಂಟುಹಾಕುವ ಐತಿಹ್ಯವೊಂದುಂಟು. ಅದರ ಸತ್ಯಾಸತ್ಯವನ್ನು ಬಲ್ಲವರಿಗೆ ಬಿಡುತ್ತೇನೆ. ನಾನು ಈಚೆಗೆ ಅಲ್ಲಿಗೆ ಹೋದದ್ದು ನಂದರನ್ನು ಹುಡುಕಿಕೊಂಡಲ್ಲ. ನನ್ನ ಸೋದರಮಾವ ತಮ್ಮ ಹಳೆಯ ಮನೆಯ ಹೆಂಚು ಇಳಿಸುತ್ತಿದ್ದರು. “ಅಟ್ಟದ ಮೇಲೆ ಒಂದು ಟ್ರಂಕು ಐತೆ ಕಣಪ್ಪ. ನೀನು ಹಳೇದೆಲ್ಲ ಕೂಡಿಡೋನು. ಬಂದು ನೋಡು, ಬ್ಯಾಡ ಅಂದ್ರೆ ಗುಜರಿಗೆ ಹಾಕ್ತೀನಿ” ಎಂದು ಫೋನು ಮಾಡಿದ್ದರು. ಕನ್ನಡ ಮೇಷ್ಟರ ಬುದ್ಧಿ ನೋಡಿ: ಟ್ರಂಕು ಎಂದೊಡನೆ ಓಲೆಗರಿ, ಕಡತ, ಹಳೆಯ ಮಾಸಪತ್ರಿಕೆ ಎಂದು ಕನಸು ಕಟ್ಟಿಕೊಂಡು ಹೋದೆ. ಮುಚ್ಚಳ ತೆಗೆದರೆ ಒಳಗೆ ಇದ್ದದ್ದು ವಿಡಿಯೋ ಕ್ಯಾಸೆಟ್ಟುಗಳು.

1980ರ ದಶಕದ ಕೊನೆಯಿಂದ ಕೆಲವು ವರ್ಷ ಮಾವ ನಂದಗುಡಿಯಲ್ಲಿ ವಿಡಿಯೋ ಬಾಡಿಗೆಯ ಅಂಗಡಿ ಇಟ್ಟಿದ್ದರು. ಈಗಿನ ವಿದ್ಯಾರ್ಥಿಗಳಿಗೆ ಆ ವ್ಯವಹಾರವೇ ತಿಳಿಯದು. ಜಪಾನಿನ ಜೆವಿಸಿ ಕಂಪನಿ ‘ವಿಎಚ್‌ಎಸ್’ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಮ್ಮ ದೇಶದಲ್ಲಿ 1982ರ ಏಷ್ಯನ್ ಕ್ರೀಡೆಗಳ ಸಮಯಕ್ಕೆ ಬಣ್ಣದ ಟೆಲಿವಿಷನ್ ಬಂತು, ಅದರ ಬೆನ್ನಿಗೇ ವಿಡಿಯೋ ಯಂತ್ರವೂ ಬಂತು. ಯಂತ್ರ ಕೊಳ್ಳುವ ಶಕ್ತಿ ಹಳ್ಳಿಯಲ್ಲಿ ಯಾರಿಗಿತ್ತು? ಆದ್ದರಿಂದ ಟಿವಿ, ಯಂತ್ರ, ಎರಡೋ ಮೂರೋ ಕ್ಯಾಸೆಟ್ಟು ಎಲ್ಲವನ್ನೂ ಒಂದು ರಾತ್ರಿಗೆ ಬಾಡಿಗೆಗೆ ಕೊಡುವ ಪದ್ಧತಿ ಹುಟ್ಟಿತು. ನಾಮಕರಣ, ಊರಹಬ್ಬ, ಗಣೇಶನ ಉತ್ಸವ, ಯಾವುದಾದರೂ ಸರಿಯೆ, ಬೆಳಗಿನ ಜಾವದವರೆಗೆ ಪಿಚ್ಚರು. 1984ರಲ್ಲಿ ಕೃತಿಸ್ವಾಮ್ಯದ ಕಾನೂನನ್ನು ತಿದ್ದಿ ವಿಡಿಯೋವನ್ನೂ ಅದರೊಳಗೆ ತಂದರು. ಮಾವನ ಟ್ರಂಕಿನಲ್ಲಿದ್ದುವೆಲ್ಲ ಆ ಕಾನೂನಿಗೆ ಒಪ್ಪಿದವೆಂದು ನಾನು ಪ್ರಮಾಣ ಮಾಡಲಾರೆ.

ಆ ಕ್ಯಾಸೆಟ್ಟುಗಳಲ್ಲಿ ಒಂದು ಕಟ್ಟು ಮಾತ್ರ ಬೇರೆಯಾಗಿತ್ತು. ಸೆಣಬಿನ ಹುರಿಯಿಂದ ಬಿಗಿದು ಕಟ್ಟಿ, ಮೇಲೊಂದು ಚೀಟಿಯಲ್ಲಿ ‘ದೇಸಾಯಿ’ ಎಂದು ಬರೆದಿತ್ತು. ಬಿಚ್ಚಿದರೆ ಸುನೀಲ್ ಕುಮಾರ್ ದೇಸಾಯಿಯವರ ಚಿತ್ರಗಳು: ‘ತರ್ಕ’, ‘ಉತ್ಕರ್ಷ’, ‘ನಿಷ್ಕರ್ಷ’, ‘ಬೆಳದಿಂಗಳ ಬಾಲೆ’. ಅಂಗಡಿ ಮುಚ್ಚಿದಾಗ ಉಳಿದವನ್ನು ಹೆಚ್ಚುಕಡಿಮೆ ಮಾರಿದ ಮಾವ ಇವನ್ನೇಕೆ ಉಳಿಸಿಕೊಂಡರು? ಕೇಳಿದೆ. “ಹಾಡೇ ಇಲ್ಲದ ಪಿಚ್ಚರ್ ಯಾರು ನೋಡ್ತಾರೆ ಅಂತ ಮೊದ್ಲು ತರಲಿಲ್ಲ. ಆಮ್ಯಾಕೆ ‘ತರ್ಕ’ದ ಕ್ಯಾಸೆಟ್ಟು ಮೂರು ಸಲ ಸವೆದೋಯ್ತು. ಇದು ನಾಕನೇದು” ಎಂದರು. ಒಬ್ಬ ನಿರ್ದೇಶಕನಿಗೆ ಇದಕ್ಕಿಂತ ನೇರವಾದ ವಿಮರ್ಶೆ ದೊರೆಯುವುದು ಕಷ್ಟ.

‘ತರ್ಕ’ ತೆರೆಗೆ ಬಂದದ್ದು 1989ರಲ್ಲಿ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದರು, ಹಾಡುಗಳಿರಲಿಲ್ಲ. ಕನ್ನಡದಲ್ಲಿ ಕೊಲೆ, ಸಂಶಯ, ಭಯಗಳ ಚಿತ್ರ ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ಕಾಶೀನಾಥರು 1978ರಲ್ಲಿಯೇ ‘ಅಪರಿಚಿತ’ ಮಾಡಿದ್ದರು, ಅದನ್ನು ತಾವೇ ಹಿಂದಿಗೂ ಒಯ್ದರು. ಆದರೆ ‘ಅಪರಿಚಿತ’ದ ಹೆಸರು ಹೇಳಿದರೆ ಇಂದಿಗೂ ಜನ ಮೊದಲು ನೆನೆಯುವುದು ಅದರ ಹಾಡುಗಳನ್ನು. ದೇಸಾಯಿಯವರು ಆ ಊರುಗೋಲನ್ನೇ ಬಿಸಾಡಿದರು. ಹಾಡು ಬಂದಾಗ ಪ್ರೇಕ್ಷಕ ಉಸಿರು ಬಿಡುತ್ತಾನೆ, ಹೊರಗೆ ಹೋಗಿ ಬೀಡಿ ಸೇದಿ ಬರುತ್ತಾನೆ. ಆ ಬಿಡುವನ್ನು ಕೊಡುವುದಿಲ್ಲವೆಂದು ಇವರು ನಿಶ್ಚಯಿಸಿದರು. ‘ತರ್ಕ’ ಮರುವರ್ಷವೇ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಎಂದಾಯಿತು; ಕೆ. ಎಸ್. ರವಿಕುಮಾರ್ ನಿರ್ದೇಶಕರಾದದ್ದು ಆ ಚಿತ್ರದಿಂದ. 1993ರಲ್ಲಿ ಬಂದ ‘ನಿಷ್ಕರ್ಷ’ವೂ ಹಾಡಿಲ್ಲದ ಚಿತ್ರವೇ. ಬ್ಯಾಂಕು ದೋಚಲು ಬಂದವರ ಕೈಗೆ ಒಂದು ಎತ್ತರದ ಕಟ್ಟಡವೇ ಸಿಕ್ಕಿಬೀಳುವ ಕಥೆ, ಚಿತ್ರೀಕರಿಸಿದ್ದು ಮಣಿಪಾಲದಲ್ಲಿ. ಅಮೆರಿಕದ ‘ಡೈ ಹಾರ್ಡ್’ ಚಿತ್ರದ ನೆರಳು ಅದರ ಮೇಲಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವಿಷ್ಣುವರ್ಧನ್, ಅನಂತ ನಾಗ್ ಇಬ್ಬರನ್ನೂ ಇಟ್ಟುಕೊಂಡು ಒಂದು ಪ್ರೇಮಗೀತೆಯನ್ನೂ ಹಾಡಿಸದೆ ಬಿಟ್ಟ ಧೈರ್ಯ ಮಾತ್ರ ಸ್ವಂತದ್ದು. 1995ರ ‘ಬೆಳದಿಂಗಳ ಬಾಲೆ’ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದದ್ದು. ಅಲ್ಲಿ ಕೊಲೆಗಾರನಿಲ್ಲ, ಟೆಲಿಫೋನಿನಲ್ಲಿ ಮಾತನಾಡುವ, ಮುಖ ತೋರದ ಹೆಣ್ಣೊಬ್ಬಳನ್ನು ಚದುರಂಗದ ಆಟಗಾರನೊಬ್ಬ ಹುಡುಕುತ್ತಾನೆ. ಆದರೂ ಪತ್ತೇದಾರಿಯ ಕಟ್ಟು ಅದೇ.

ಇಂಥ ಚಿತ್ರಗಳ ವಿಷಯದಲ್ಲಿ ನಾವು ಪಾಠ ಹೇಳುವ ಜನ ಸ್ವಲ್ಪ ಮೂಗು ಮುರಿಯುತ್ತೇವೆ. ನಾನೂ ಅದಕ್ಕೆ ಹೊರತಲ್ಲ. ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧಗಳ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದ್ದೇನೆ. ‘ತರ್ಕ’ದ ಹೆಸರನ್ನು ಒಮ್ಮೆಯೂ ಎತ್ತಿಲ್ಲ. ಪುಸ್ತಕಗಳಲ್ಲಿಯೂ ಹೀಗೆಯೇ ಆಗಿದೆ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಂದ ಓದುವ ಚಟ ಹತ್ತಿಸಿಕೊಂಡವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯೋ. ಆದರೆ ಯಾವ ಕಾಲೇಜಿನ ಪುಸ್ತಕಭಂಡಾರ ಅವನ್ನು ಜೋಪಾನವಾಗಿ ಇಟ್ಟಿತು? ಓದಿ ಬಿಸಾಡುವಂಥವು ಎಂದು ತೀರ್ಮಾನಿಸಿದೆವು, ಜನ ಓದಿದರು, ಬಿಸಾಡಿದರು.

ಟ್ರಂಕಿನ ತಳದಲ್ಲಿ ಬಾಡಿಗೆಯ ಲೆಕ್ಕದ ಪುಸ್ತಕವೂ ಇತ್ತು. ಕೊಂಡೊಯ್ದವರ ಹೆಸರುಗಳ ಜಾಗದಲ್ಲಿ ಅನೇಕ ಕಡೆ ‘ಹುಳದ ಮನೆ’ ಎಂದಷ್ಟೇ ಇದೆ. ಏನಿದು ಎಂದು ಕೇಳಿದೆ. ಈ ಸೀಮೆ ರೇಷ್ಮೆಯ ಸೀಮೆ. ಹುಳು ನಾಲ್ಕನೆಯ ಜ್ವರ ಎದ್ದಮೇಲೆ ಅದರ ಹಸಿವಿಗೆ ಮಿತಿಯಿಲ್ಲ, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ರಾತ್ರಿಯೂ ಎಚ್ಚರವಿರಬೇಕು. ಆ ದಿನಗಳಲ್ಲಿ ನಿದ್ದೆ ಕೆಡುವವರು ಒಟ್ಟುಗೂಡಿ ಯಂತ್ರ ಒಯ್ಯುತ್ತಿದ್ದರಂತೆ. “ಹಾಡಿನ ಪಿಚ್ಚರ್ ಆದ್ರೆ ತೂಕಡಿಸ್ತಾರೆ. ‘ತರ್ಕ’ ಹಾಕಿದ್ರೆ ಕಣ್ಣು ಮುಚ್ಚಲ್ಲ” ಎಂದರು ಮಾವ. ಚಿತ್ರದ ಕತ್ತಲೆ, ಹೊರಗಿನ ಕತ್ತಲೆ, ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಆ ಮಳೆಯಂಥ ಸದ್ದು. ಯಾವ ಚಿತ್ರಮಂದಿರದಲ್ಲಿ ಇಂಥ ಹಿನ್ನೆಲೆ ಸಂಗೀತ ದೊರೆತೀತು!

ಈಗ ಕ್ಯಾಸೆಟ್ಟಿನ ಮಾತಿಗೆ ಬರೋಣ. ಓಲೆಪ್ರತಿಗಳಿಂದ ಹಳಗನ್ನಡ ಕೃತಿಗಳನ್ನು ಸಂಪಾದಿಸಿದ ವಿದ್ವಾಂಸರು ನಮಗೆ ಒಂದು ವಿದ್ಯೆಯನ್ನು ಬಿಟ್ಟುಹೋಗಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಗೊತ್ತು: ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಲಿಪಿಕಾರರು ಬರೆಯುತ್ತ ಹೋದಂತೆ ತಪ್ಪುಗಳು ಬೆಳೆಯುತ್ತವೆ. ವಿಡಿಯೋದಲ್ಲಿ ಲಿಪಿಕಾರನೆಂದರೆ ಯಂತ್ರ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಹಿಡಿಯುವುದು ಸುಮಾರು 240 ಗೆರೆಗಳಷ್ಟು ವಿವರ. ಅಗಲ ಪರದೆಯ ಚಿತ್ರವಾದರೆ ಟಿವಿಗೆ ಹೊಂದಿಸಲು ಎರಡು ಪಕ್ಕಗಳನ್ನು ಕತ್ತರಿಸುವುದೂ ಉಂಟು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿದಾಗಲೆಲ್ಲ ಬಣ್ಣ ಹರಡುತ್ತದೆ, ಅಂಚು ಕರಗುತ್ತದೆ. ಹಾಸ್ಯದ ಚಿತ್ರಕ್ಕೆ ಇದರಿಂದ ಅಷ್ಟಾಗಿ ನಷ್ಟವಿಲ್ಲ, ಹಗಲಿನ ಬೆಳಕಿನಲ್ಲಿ ಮುಖವೊಂದು ಕಂಡರಾಯಿತು. ಆದರೆ ದೇಸಾಯಿಯವರ ಚಿತ್ರಗಳಲ್ಲಿ ನೆರಳಿಗೂ ಒಂದು ಪಾತ್ರವಿದೆ. ಮೂರನೆಯ ಪ್ರತಿಯ ಹೊತ್ತಿಗೆ ಆ ನೆರಳು ನೆರಳಾಗಿರದೆ ಬೂದುಬಣ್ಣದ ಕೆಸರಾಗುತ್ತದೆ. ಕತ್ತಲೆಯ ಚಿತ್ರಗಳೇ ಎಲ್ಲಕ್ಕಿಂತ ಮೊದಲು ಕೆಡುತ್ತವೆ.

ಟ್ರಂಕನ್ನು ಬೆಂಗಳೂರಿಗೆ ತಂದೆ. ಆಡಿಸುವುದಕ್ಕೆ ಯಂತ್ರ ಬೇಡವೇ? ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಡಿಯೋ ಯಂತ್ರವೆಂಬುದೇ ಲೋಕದಲ್ಲಿಲ್ಲ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಒಬ್ಬರನ್ನು ಕೇಳಿ ತಿಳಿದು ಹಿಡಿದೆ. ‘ಉತ್ಕರ್ಷ’ಕ್ಕೆ ಬೂಷ್ಟು ಹಿಡಿದು ಸುರುಳಿಯ ಪದರಗಳು ಒಂದಕ್ಕೊಂದು ಅಂಟಿದ್ದವು, ಅದು ಹೋಯಿತು. ‘ತರ್ಕ’ ತಿರುಗಿತು. ಬಾಲ್ಯದಲ್ಲಿ ಕಂಬಳಿಯೊಳಗಿನಿಂದ ಇಣುಕಿ ನೋಡಿದ್ದನ್ನು ಮತ್ತೆ ನೋಡುತ್ತ ಕುಳಿತೆ. ಗಂಟು ಬಿಚ್ಚುವ ಹೊತ್ತು ಹತ್ತಿರವಾಯಿತು. ಮಾತು ಅರ್ಧಕ್ಕೆ ತುಂಡಾಗಿ, ಪರದೆಯ ಮೇಲೆ ಒಂದು ಕ್ಷಣ ಅಕ್ಕಿ ಸುರಿದಂತಾಗಿ, ಓಲಗ ಕೇಳಿಸಿತು. ತೊಟ್ಟಿಲು. ನನ್ನ ಮಾವನ ಮಗಳ ನಾಮಕರಣ. ದೀಪದ ಝಳಕ್ಕೆ ಕಣ್ಣು ಕಿರಿದು ಮಾಡಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತ, ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದಾಳೆ ನಮ್ಮಜ್ಜಿ.

ಮಾವನಿಗೆ ಫೋನು ಮಾಡಿದೆ. ಆ ರಾತ್ರಿ ಖಾಲಿ ಕ್ಯಾಸೆಟ್ಟು ಸಿಕ್ಕಲಿಲ್ಲವಂತೆ. ಮೇಲೆ ಅಚ್ಚಾಗದಂತೆ ಮುರಿದಿದ್ದ ಮೂಲೆಯ ತೂತಿಗೆ ಕಾಗದ ಅಂಟಿಸಿ ‘ತರ್ಕ’ದ ಕೊನೆಯ ಮೇಲೆ ಇಳಿಸಿದರಂತೆ. “ಬಾಡಿಗೆಗೆ ಹೋದ್ರೆ ಜನ ಬಯ್ತಾರೆ ಅಂತ ಎತ್ತಿಟ್ಟೆ” ಎಂದರು. ಮೂರು ಸಲ ಸವೆದು ನಾಲ್ಕನೆಯದು ಉಳಿದ ಗುಟ್ಟು ಆಗ ತಿಳಿಯಿತು. ನಾನು ಕೊಂಚ ಖಾರವಾಗಿಯೇ, ಶಂಕರ್ ನಾಗರ ಚಿತ್ರದ ಮೇಲೆ ಹೀಗೆ ಮಾಡಬಹುದೇ, ಅವರು ತೀರಿಕೊಂಡದ್ದೇ 1990ರಲ್ಲಿ, ಎಂದೆನೇನೋ. “ಪಿಚ್ಚರು ಎಲ್ಲಾದ್ರೂ ಸಿಕ್ಕೀತು ಕಣಪ್ಪ. ಅಮ್ಮ ಇರೋದು ಅದೊಂದರಾಗೇ” ಎಂದರು.

ಎಲ್ಲಾದರೂ ಸಿಕ್ಕೀತು! ಅಜ್ಜಿಯ ಬಗ್ಗೆ ಮಾವ ಹೇಳಿದ್ದು ಸರಿ. ಚಿತ್ರದ ಬಗ್ಗೆ ಅವರಿಗಿದ್ದ ಆ ನಂಬಿಕೆ ನನಗಿಲ್ಲ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚಿಯಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಆಗ ಅದನ್ನು ನೋಡಿದವರಲ್ಲಿಯೂ ಎಲ್ಲಾದರೂ ಸಿಕ್ಕೀತು ಎಂದುಕೊಂಡವರು ಇದ್ದಿರಬೇಕು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ‘ಸುಲೋಚನ’ಳಿಗೆ ಮೂವತ್ತು ವರ್ಷ ತಡವಾಗಿ. ‘ನಿಷ್ಕರ್ಷ’ದ ಅದೃಷ್ಟ ಒಳ್ಳೆಯದು; 2019ರಲ್ಲಿ ಹೊಸ ತಂತ್ರದಲ್ಲಿ ಸಿದ್ಧವಾಗಿ ಚಿತ್ರಮಂದಿರಗಳಿಗೆ ಮರಳಿ ಬಂತು. ಎಲ್ಲ ಚಿತ್ರಗಳಿಗೂ ಹಾಗೆ ಒದಗಿಬರುವುದಿಲ್ಲ. ಅಂತರಜಾಲದಲ್ಲಿ ಎಲ್ಲವೂ ಸಿಗುತ್ತದಲ್ಲ ಎಂದು ಓದುಗರು ಕೇಳಬಹುದು. ಹಳೆಯ ಚಿತ್ರಗಳ ಮಟ್ಟಿಗೆ ಅಲ್ಲಿ ಸಿಗುವುದೂ ಎಷ್ಟೋ ವೇಳೆ ಇಂಥ ಕ್ಯಾಸೆಟ್ಟಿನ, ಟಿವಿಯಿಂದ ಹಿಡಿದದ್ದರ ಪ್ರತಿಯ ಪ್ರತಿಯೇ. ಅದೇ ಬೂದು ಕೆಸರು. ಮಾತೃಕೆ ಎಲ್ಲಿದೆ, ಯಾರ ಉಸ್ತುವಾರಿಯಲ್ಲಿದೆ ಎಂಬುದೇ ಪ್ರಶ್ನೆ.

ಇಳಿಸಿದ್ದನ್ನೆಲ್ಲ ತೆಗೆದುಕೊಂಡು ಹೋದ ಭಾನುವಾರ ನಂದಗುಡಿಗೆ ಹೋಗಿದ್ದೆ. ಮಾವ ಅಜ್ಜಿಯ ಭಾಗವನ್ನು ಮೊದಲು ಹಾಕಿಸಿದರು. ಮುಗಿದ ಮೇಲೆ, “ಹಿಂದಕ್ಕೆ ಹೋಗಿ ಶುರುವಿಂದ ಹಾಕು” ಎಂದರು. ಹಾಡಿಲ್ಲದ ಆ ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ತೊಟ್ಟಿಲ ಮಗು ಈಗ ಎರಡು ಮಕ್ಕಳ ತಾಯಿ, ಅವಳ ಹಿರಿಯ ಮಗ ಓಲಗದ ಸದ್ದು ಬಂದೊಡನೆ ಎದ್ದು ನಿಂತು, “ತಾತ, ಆಮೇಲೆ ಏನಾಗುತ್ತೆ?” ಎಂದು ಕೇಳಿದ. ಮಾವ ಹೇಳಲು ತೊಡಗಿದರು. ಅಡ್ಡ ಬಾಯಿ ಹಾಕದೆ ಕೇಳುತ್ತ ಕುಳಿತೆ. ನನಗೆ ನೆನಪಿದ್ದ ಕೊನೆಗೂ ಅವರು ಹೇಳಿದ ಕೊನೆಗೂ ಎರಡು ಕಡೆ ಪಾಠಾಂತರವಿತ್ತು.