ವಿಷ ಕಡಿಮೆ, ಬೆಳಕು ಜಾಸ್ತಿ: ಕ್ವಾಂಟಮ್ ಡಾಟ್‌ನ ಪಕ್ಕದ ಕಥೆ

1/7
ಟಿವಿ ಅಂಗಡಿಯಲ್ಲಿ ‘ಕ್ಯೂಎಲ್‌ಇಡಿ’ ಅನ್ನೋ ಬೋರ್ಡ್ ನೋಡೇ ಇರ್ತೀರಿ. ಆ ಪರದೆಯ ಕಡು ಕೆಂಪು, ಹಸಿರು ಹುಟ್ಟೋದು ಕ್ವಾಂಟಮ್ ಡಾಟ್ ಎಂಬ ಹರಳುಗಳಿಂದ. ಒಂದೊಂದರ ಅಗಲ ಕೆಲವೇ ನ್ಯಾನೋಮೀಟರ್, ಅಂದ್ರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಹತ್ತು ಸಾವಿರದ ಒಂದು ಪಾಲು. ವಸ್ತು ಒಂದೇ ಇದ್ದರೂ ಹರಳು ಸಣ್ಣದಾದರೆ ಬಣ್ಣ ನೀಲಿಯ ಕಡೆ, ದೊಡ್ಡದಾದರೆ ಕೆಂಪಿನ ಕಡೆ ಸರಿಯುತ್ತೆ. 2023ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂತು. ಬಣ್ಣದ ಕಥೆ ಆಗ ಎಲ್ಲರೂ ಹೇಳಿದರು. ಇವತ್ತು ಅದರ ಪಕ್ಕದ ಕಥೆ ಕೇಳಿ: ಅದೇ ಬೆಳಕನ್ನು ಕಡಿಮೆ ವಿಷದ ವಸ್ತುವಿನಿಂದ ಪಡೆಯೋಕೆ ಯಾಕೆ ಇಷ್ಟು ವರ್ಷ ಬೇಕಾಯ್ತು?

2/7
1980ರ ದಶಕದ ಆರಂಭ. ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಿ ಎಕಿಮೊವ್ ಬಣ್ಣದ ಗಾಜಿನೊಳಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿ ಬ್ರೂಸ್ ದ್ರಾವಣದೊಳಗೆ ಈ ಹರಳುಗಳನ್ನು ಗುರುತಿಸಿದರು. 1993ರಲ್ಲಿ ಎಂಐಟಿಯ ಮೌಂಗಿ ಬಾವೆಂಡಿ ತಂಡ ಒಂದೇ ಅಳತೆಯ ಹರಳು ಮಾಡೋ ದಾರಿ ತೋರಿಸಿತು: ಕುದಿಯುವಷ್ಟು ಬಿಸಿ ದ್ರಾವಕಕ್ಕೆ ರಾಸಾಯನಿಕಗಳನ್ನು ಒಮ್ಮೆಲೇ ಸೇರಿಸೋದು. 1996ರಲ್ಲಿ ಷಿಕಾಗೋದ ಸಂಶೋಧಕರು ಹರಳಿನ ಮೇಲೆ ಜಿಂಕ್ ಸಲ್ಫೈಡ್ ಹೊದಿಕೆ ಬೆಳೆಸಿದರು. ನುಂಗಿದ 100 ಫೋಟಾನ್‌ಗಳಲ್ಲಿ ಸುಮಾರು 50 ಬೆಳಕಾಗಿ ವಾಪಸ್ ಬಂದವು. ಆದರೆ ಒಳಗಿದ್ದ ಹರಳು ಕ್ಯಾಡ್ಮಿಯಮ್ ಸೆಲೆನೈಡ್.

3/7
ಕ್ಯಾಡ್ಮಿಯಮ್ ಅಂದ್ರೆ ಏನು ಅಂತ ಜಪಾನಿನ ತೊಯಾಮಾ ಪ್ರಾಂತ್ಯದ ರೈತರಿಗೆ ಗೊತ್ತಿತ್ತು. ಮೇಲಿನ ಗಣಿಯಿಂದ ಜಿಂಜು ನದಿಗೆ ಸೇರಿದ ಕ್ಯಾಡ್ಮಿಯಮ್ ಭತ್ತದ ಗದ್ದೆಗೆ, ಅಲ್ಲಿಂದ ಅನ್ನದ ತಟ್ಟೆಗೆ ಬಂತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ಮುರಿಯುತ್ತಿತ್ತು. ಕಾಯಿಲೆಯ ಹೆಸರೇ ‘ಇತಾಯಿ-ಇತಾಯಿ’, ಅಂದ್ರೆ ‘ನೋವು, ನೋವು’. 1968ರಲ್ಲಿ ಜಪಾನ್ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು. ಇದು ಕ್ವಾಂಟಮ್ ಡಾಟ್‌ನಿಂದ ಆದದ್ದಲ್ಲ, ಅದಕ್ಕಿಂತ ಎಷ್ಟೋ ಹಿಂದಿನ ಮಾತು. ಆದರೆ ಲೋಹ ಅದೇ. 2006ರ ಜುಲೈನಿಂದ ಯುರೋಪಿನ ಎಲೆಕ್ಟ್ರಾನಿಕ್ಸ್ ನಿಯಮ ಕ್ಯಾಡ್ಮಿಯಮ್‌ಗೆ 0.01% ಮಿತಿ ಹಾಕಿತು. ಸೀಸಕ್ಕೆ ಕೊಟ್ಟ ಮಿತಿಯ ಹತ್ತನೇ ಒಂದು ಭಾಗ ಅದು!

4/7
ಬದಲಿ ವಸ್ತು ಆಗಲೇ ಇತ್ತು: ಇಂಡಿಯಮ್ ಫಾಸ್ಫೈಡ್. 1990ರ ದಶಕದಲ್ಲೇ ಅಮೆರಿಕದ ಕೊಲೊರಾಡೊದಲ್ಲಿ ಓಲ್ಗಾ ಮಿಚಿಚ್, ಆರ್ಥರ್ ನೋಜಿಕ್ ಅದರ ಹರಳು ಮಾಡಿದ್ದರು. ತೊಂದರೆ ಒಂದೇ, ಮಾಡಿದ ಹಾಗೇ ಬಿಟ್ಟರೆ ಹೊಳಪು 1%ಗಿಂತ ಕಡಿಮೆ.
ಯಾಕೆ ಗೊತ್ತಾ? ಬೆಳಕು ಬಿದ್ದಾಗ ಹರಳಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹೋಗುತ್ತೆ, ಕೆಳಗಿಳಿಯುವಾಗ ಬೆಳಕು ಬಿಡುತ್ತೆ. ಆದರೆ ಹೊರಮೈಯ ಪರಮಾಣುಗಳಿಗೆ ಒಂದು ಕಡೆ ಜೊತೆಗಾರರೇ ಇಲ್ಲ. ಆ ಖಾಲಿ ಬಂಧಗಳು ರಸ್ತೆಗುಂಡಿ ಇದ್ದ ಹಾಗೆ. ಎಲೆಕ್ಟ್ರಾನ್ ಅಲ್ಲಿ ಬಿದ್ದರೆ ಶಕ್ತಿ ಬರೀ ಬಿಸಿಯಾಗಿ ಹೋಗುತ್ತೆ. ಹರಳು ಸಣ್ಣದಾದಷ್ಟೂ ಹೊರಮೈಯ ಪಾಲು ಜಾಸ್ತಿ. ಸಾಲದ್ದಕ್ಕೆ ಇಂಡಿಯಮ್ ಫಾಸ್ಫೈಡ್‌ನ ಮೈಗೆ ಆಕ್ಸೈಡ್ ಪದರ ಬೇಗ ಹಿಡಿಯುತ್ತೆ.

5/7
ಹಂಗಾಗಿ ಮುಂದಿನ ಇತಿಹಾಸವೆಲ್ಲ ಹೊರಮೈ ರಿಪೇರಿಯ ಇತಿಹಾಸ. 2002ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಲಾಪಿನ್, ವೆಲ್ಲರ್ ತಂಡ ಹೈಡ್ರೋಫ್ಲೋರಿಕ್ ಆಮ್ಲ ಬಳಸಿ, ಬೆಳಕು ಬಿಟ್ಟು, ಹರಳಿನ ಮೈ ಕೆರೆಯಿತು. ಹೊಳಪು 20-40%ಗೆ ಏರಿತು. ಗಾಜನ್ನೂ ತಿನ್ನುವ ಆಮ್ಲ ಅದು. ಕಡಿಮೆ ವಿಷದ ಹರಳಿಗೆ ಬೆಳಕು ಕೊಡೋಕೆ ಅಷ್ಟು ಅಪಾಯದ ಆಮ್ಲ!
ಇನ್ನು ಹೊದಿಕೆ. ಜಿಂಕ್ ಸಲ್ಫೈಡ್‌ನ ಪರಮಾಣುಗಳ ಅಂತರ ಒಳಗಿನ ಹರಳಿಗಿಂತ 7%ಗೂ ಹೆಚ್ಚು ಚಿಕ್ಕದು. ಬಿಗಿಯಾದ ಬ್ಲೌಸಿನ ಹೊಲಿಗೆ ಬಿಟ್ಟ ಹಾಗೆ ಅಲ್ಲಿ ದೋಷ ಏಳುತ್ತೆ. ಅದಕ್ಕೆ ನಡುವೆ ಜಿಂಕ್ ಸೆಲೆನೈಡ್ ಪದರ ಹಾಕಿದರು. ಅದರ ಅಳತೆ ಎರಡಕ್ಕೂ ನಡುವಿನದು.

6/7
2015ರ ಹೊತ್ತಿಗೆ ಸ್ಯಾಮ್‌ಸಂಗ್ ಕ್ಯಾಡ್ಮಿಯಮ್ ಇಲ್ಲದ ಕ್ವಾಂಟಮ್ ಡಾಟ್ ಟಿವಿ ತಂದಿತು. ಅದರಲ್ಲಿ ನೀಲಿ ಎಲ್‌ಇಡಿಯ ಬೆಳಕನ್ನು ಡಾಟ್‌ಗಳು ಬಣ್ಣ ಬದಲಿಸಿ ಕೊಡ್ತಿದ್ದವು, ಅಷ್ಟೇ. ನೇರ ವಿದ್ಯುತ್ತಿನಿಂದ ಹೊಳೆಯೋದು ಇನ್ನೂ ಕಷ್ಟ. 2019ರಲ್ಲಿ ಅದೇ ಕಂಪನಿಯ ಯುನ್‌ಜೂ ಜಾಂಗ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೊದಿಕೆ ಹಾಕೋ ಶುರುವಿನಲ್ಲೇ ಅದೇ ಆಮ್ಲದಿಂದ ಆಕ್ಸೈಡ್ ತೆಗೆದು, ಮೇಲೆ ದಪ್ಪ ಪದರ ಬೆಳೆಸಿದ್ದರು. ಕೆಂಪು ಹರಳಿನ ಹೊಳಪು ಹೆಚ್ಚುಕಡಿಮೆ 100%, ಅದರಿಂದ ಮಾಡಿದ ದೀಪದ ದಕ್ಷತೆ 21.4%. ಕ್ಯಾಡ್ಮಿಯಮ್‌ಗೆ ಸರಿಸಮ!

7/7
ಕಥೆ ಮುಗೀತಾ? ಇಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಡಿಯಮ್ ಫಾಸ್ಫೈಡನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದೆ. ಇಂಡಿಯಮ್ ಸಿಗೋದೂ ಕ್ಯಾಡ್ಮಿಯಮ್ ಥರಾನೇ, ಮುಖ್ಯವಾಗಿ ಸತುವಿನ ಅದಿರು ಶುದ್ಧ ಮಾಡುವಾಗ. ‘ಕಡಿಮೆ ವಿಷ’ ಅಂದ್ರೆ ‘ವಿಷವೇ ಇಲ್ಲ’ ಅಂತಲ್ಲ. ಪರದೆ ನೋಡೋರಿಗೆ ಅಪಾಯ ಕಡಿಮೆ ಆಯ್ತು, ಸರಿ. ಗಣಿಯಲ್ಲಿ, ಕಾರ್ಖಾನೆಯಲ್ಲಿ, ಹಳೇ ಟಿವಿ ಒಡೆಯೋ ಗುಜರಿಯಲ್ಲಿ ಇರೋರಿಗೆ? ಮುಂದಿನ ಸಲ ‘ಕ್ಯಾಡ್ಮಿಯಮ್ ರಹಿತ’ ಅನ್ನೋ ಲೇಬಲ್ ಕಂಡರೆ ಸಂತೋಷ ಪಡಿ, ಈ ಪ್ರಶ್ನೆಯನ್ನೂ ಕೇಳಿ.

ನಿಮ್ಮ ಮನೆಯ ಹಳೇ ಟಿವಿ ಕೊನೆಗೆ ಎಲ್ಲಿಗೆ ಹೋಯ್ತು? ಕಾಮೆಂಟ್‌ನಲ್ಲಿ ಹೇಳಿ. ಕೆಮಿಸ್ಟ್ರಿ ಓದ್ತಿರೋ ಗೆಳೆಯರಿಗೆ ಶೇರ್ ಮಾಡಿ.

#ವಿಜ್ಞಾನದ_ಇತಿಹಾಸ #ಕ್ವಾಂಟಮ್_ಡಾಟ್ #ಕನ್ನಡದಲ್ಲಿ_ವಿಜ್ಞಾನ