ಹರಾಜು ಸಿದ್ಧಾಂತ ಮತ್ತು ವಿಜಯಪುರ ಸೀಮೆಯ ಕೃಷಿ ಮಾರುಕಟ್ಟೆ

ಕೊಳ್ಳುವವರು ಮಾಲಿನ ಬೆಲೆಯ ಅಂದಾಜನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುವಾಗ ಯಾವ ನಿಯಮದಲ್ಲಿ ಹರಾಜು ನಡೆದರೆ ಮಾರುವವನಿಗೆ ಎಷ್ಟು ದಕ್ಕುತ್ತದೆ ಎಂಬುದು ಹರಾಜು ಸಿದ್ಧಾಂತದ ಮೂಲ ಪ್ರಶ್ನೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಇದೇ ಕ್ಷೇತ್ರದ ಕೆಲಸಕ್ಕೆ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ 2020ರಲ್ಲಿ ನೊಬೆಲ್ ಪಡೆದರು.

ಈ ಪ್ರಶ್ನೆಯನ್ನು ವಿಜಯಪುರ ಸೀಮೆಗೆ ತರುವ ಮೊದಲು ಅಲ್ಲಿನ ಮಾರುಕಟ್ಟೆಯ ಹಿನ್ನೆಲೆ ನೋಡಬೇಕು. ವಿಜಯಪುರ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ಇಲ್ಲಿನ ನಿಯಂತ್ರಿತ ಮಾರುಕಟ್ಟೆಯ ಕಾನೂನು ಚರಿತ್ರೆ ಮುಂಬಯಿಯ 1927ರ ಹತ್ತಿ ಮಾರುಕಟ್ಟೆ ಕಾಯ್ದೆ ಮತ್ತು 1939ರ ಕೃಷಿ ಉತ್ಪನ್ನ ಕಾಯ್ದೆಗಳಿಂದ ಶುರುವಾಗುತ್ತದೆ. ಕರ್ನಾಟಕದ 1966ರ ಕಾಯ್ದೆ ಆಮೇಲಿನದು.

ಈ ಮಾರುಕಟ್ಟೆಗಳಲ್ಲಿ ಆನ್‌ಲೈನ್‌ನಲ್ಲಿ ದರ ಹಾಕುವ ಇ-ಟೆಂಡರ್ ಪದ್ಧತಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆಯಾದ ಇ-ನಾಮ್ ಜೊತೆ ಬಂತೆಂದು ಹಲವೆಡೆ ಬರೆಯುತ್ತಾರೆ. ಅದು ಸರಿಯಲ್ಲ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರದು, ಇ-ನಾಮ್ 2016ರದು. ಇ-ಟೆಂಡರ್‌ನಲ್ಲಿ ರೈತನ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ದರ ಹಾಕುತ್ತಾರೆ. ಹೆಚ್ಚಿನ ದರಕ್ಕೆ ಮಾಲು. ದರ ಒಪ್ಪದಿದ್ದರೆ ರೈತ ಮಾರದೆ ಇರಬಹುದು. ಸಿದ್ಧಾಂತದ ಭಾಷೆಯಲ್ಲಿ ಇದು ಪ್ರಥಮ ಬೆಲೆಯ ಮುಚ್ಚಿದ ಹರಾಜು. ಇಲ್ಲಿ ವರ್ತಕ ತನ್ನ ಅಂದಾಜಿಗಿಂತ ಕಡಿಮೆಯೇ ಹಾಕುತ್ತಾನೆ, ಪೈಪೋಟಿ ತೆಳುವಾದಷ್ಟೂ ಇನ್ನೂ ಕಡಿಮೆ.

ಏಕೀಕೃತ ವೇದಿಕೆಯಿಂದ ರೈತನಿಗೆ ಲಾಭವಾಯಿತೇ? ಚರ್ಚೆ ಇರುವುದು ಇಲ್ಲೇ. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭತ್ತದ ದರ ಶೇ 5.1, ಶೇಂಗಾ 3.6, ಮೆಕ್ಕೆಜೋಳ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಣನೀಯ ಪರಿಣಾಮ ಕಾಣಲಿಲ್ಲ. ಲೇಖಕರಲ್ಲಿ ರಾಜನ್ ಈ ವೇದಿಕೆ ನಡೆಸುವ ಸಂಸ್ಥೆಯ ಮುಖ್ಯಸ್ಥರಾಗಿದ್ದರು ಎಂಬುದನ್ನೂ ಓದುಗರು ಗಮನಿಸಬೇಕು. ವಿಜಯಪುರ ಜಿಲ್ಲೆಯ ಮುಖ್ಯ ಬೆಳೆ ತೊಗರಿಯೇ ಆದ್ದರಿಂದ, ರಾಜ್ಯದ ಯಶಸ್ಸಿನ ಅಂಕಿಗಳನ್ನು ಈ ಸೀಮೆಗೆ ನೇರವಾಗಿ ಅನ್ವಯಿಸಲಾಗದು.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಒಣದ್ರಾಕ್ಷಿಯದು ಇನ್ನೂ ಜಟಿಲ ಪ್ರಸಂಗ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಒಣದ್ರಾಕ್ಷಿ ಬರುತ್ತದೆ. ಬಣ್ಣ, ಗಾತ್ರ, ತೇವದ ಮೇಲೆ ದರ ನಿಂತಿರುವುದರಿಂದ, ಗುಣಮಟ್ಟದ ಖಾತ್ರಿಯಿಲ್ಲದೆ ದೂರದ ವರ್ತಕ ಪರದೆ ನೋಡಿ ಧೈರ್ಯದಿಂದ ದರ ಹಾಕಲಾರ. ಒಳ್ಳೆಯ ಮಾಲಿಗೂ ಸಾಧಾರಣ ದರ ಬೀಳುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ವಿವರಿಸಿದ ತೊಡಕು ಇದೇ. ಇತ್ತ ಶೈತ್ಯಾಗಾರದಲ್ಲಿ ಮಾಲು ಕಾಯ್ದಿಡಬಲ್ಲ ಬೆಳೆಗಾರ ದರ ತಿರಸ್ಕರಿಸಬಲ್ಲ, ಸಾಲದ ಕಂತು ಎದುರಿಗಿರುವವ ತಿರಸ್ಕರಿಸಲಾರ. ದರ ತಿರಸ್ಕರಿಸಿದವನಿಗೆ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಗಳೂ ಹತ್ತಿರದಲ್ಲಿವೆ.

ಹರಾಜಿನ ನಿಯಮವನ್ನೇ ಬದಲಿಸಿ ನೋಡಿದ್ದೂ ಉಂಟು. ಕರ್ನಾಟಕದ್ದೇ ಒಂದು ಬೇಳೆಕಾಳು ಮಾರುಕಟ್ಟೆಯಲ್ಲಿ 2019ರಿಂದ ಎರಡು ಹಂತದ ಹರಾಜು ಪರೀಕ್ಷೆಗೊಳಗಾಯಿತು: ಮೊದಲ ಸುತ್ತಿನಲ್ಲಿ ಮುಂದಿದ್ದವರಿಗೆ ದರ ಏರಿಸಲು ಇನ್ನೊಂದು ಅವಕಾಶ. ಅಲ್ಲಿ ದರ ಏರಿತು. ಒಣದ್ರಾಕ್ಷಿಗೆ ಅದು ಹೊಂದುತ್ತದೆಯೇ ಎಂಬುದನ್ನು ಲಾಟ್‌ವಾರು ದಾಖಲೆಗಳಿಂದಲೇ ತೀರ್ಮಾನಿಸಬೇಕು. ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬೇಕು.